ದುಬೈ ಎಷ್ಟು ದೂರ?

ದೂರವೆಂಬುದನ್ನು ನಮ್ಮ ಹಿರಿಯರು ಕಾಲದಿಂದಲೇ ಅಳೆಯುತ್ತಿದ್ದರು. ಕುಮಟೆಯಿಂದ ಶಿರಸಿ ಎಷ್ಟು ದೂರವೆಂದು ಎತ್ತಿನ ಗಾಡಿಯವನನ್ನು ಕೇಳಿದರೆ ಆತನು ಮೈಲುಗಳ ಲೆಕ್ಕವನ್ನು ಹೇಳುತ್ತಿರಲಿಲ್ಲವಂತೆ. "ದೇವಿಮನೆ ಘಟ್ಟದ ಬುಡದಲ್ಲಿ ಒಂದು ರಾತ್ರಿ ಉಳಿಯಬೇಕು, ಸ್ವಾಮಿ" ಎಂದುಬಿಡುತ್ತಿದ್ದನಂತೆ. ಆ ಒಂದು ಉತ್ತರದಲ್ಲಿ ಘಟ್ಟದ ಏರು, ಎತ್ತುಗಳ ದಣಿವು, ಮಳೆಗಾಲವಾದರೆ ಹಳ್ಳಗಳ ತುಂಬು, ಇವೆಲ್ಲವೂ ಅಡಕವಾಗಿರುತ್ತಿದ್ದವು. ಇಂದಿನ ನಮ್ಮ ಉತ್ತರವು ಅದಕ್ಕಿಂತ ಸೂಕ್ಷ್ಮವಾದುದು ನಿಜ. ಆದರೆ ಅದಕ್ಕಿಂತ ಬಡವಾದುದು. ಅಂಗೈಯೊಳಗಿನ ದೂರವಾಣಿಯನ್ನು ಕೇಳಿದರೆ, ಮಂಗಳೂರಿನಿಂದ ದುಬೈಗೆ ಆಕಾಶಮಾರ್ಗದಲ್ಲಿ ಸುಮಾರು ೨,೪೬೦ ಕಿಲೋಮೀಟರು, ಪ್ರಯಾಣಕಾಲ ಮೂರೂವರೆ ತಾಸು ಎಂದು ಕ್ಷಣಮಾತ್ರದಲ್ಲಿ ಹೇಳುತ್ತದೆ. ಎರಡು ಸಂಖ್ಯೆಗಳೂ ಸತ್ಯವೇ. ಆದರೆ ಭಟ್ಕಳದ ಒಂದು ಮನೆಯ ಜಗಲಿಗೂ ದುಬೈಯಲ್ಲಿ ಆ ಮನೆಯ ಮಗನು ವಾಸಿಸುವ ಕೋಣೆಗೂ ನಡುವಣ ದೂರವು ಇದಲ್ಲ. ಇದನ್ನರಿಯದೆ ವಿವಾಹದ ಮುಹೂರ್ತವನ್ನೋ, ಅದಕ್ಕಿಂತ ಕಠಿನವಾದ ಬೇರೊಂದು ಕಾರ್ಯದ ವೇಳೆಯನ್ನೋ ನಿಶ್ಚಯಿಸಹೊರಡುವ ಗೃಹಸ್ಥರನ್ನು ಕಂಡಿರುವುದರಿಂದ, ಈ ತಿಂಗಳು ಈ ಲೆಕ್ಕವನ್ನೇ ವಾಚಕರ ಮುಂದೆ ಬಿಡಿಸಿಡಬೇಕೆಂದು ತೋರಿತು.

ಮೊದಲು ಆಕಾಶದ ಲೆಕ್ಕ. ಮನೆಯಲ್ಲಿ ಮಕ್ಕಳ ಭೂಗೋಲವಿದ್ದರೆ ತೆಗೆದುಕೊಳ್ಳಿರಿ. ಇಲ್ಲದಿದ್ದರೆ ದುಂಡನೆಯ ಚಕ್ಕೋತದ ಹಣ್ಣೂ ಆಗಬಹುದು. ಅದರ ಮೇಲೆ ಎರಡು ಊರುಗಳನ್ನು ಗುರುತಿಸಿ, ಒಂದರಿಂದ ಇನ್ನೊಂದಕ್ಕೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರವು ತಾನಾಗಿ ಹಿಡಿದ ಜಾಡೇ ಅತಿ ಕಿರಿದಾದ ಹಾದಿ. ಆ ಜಾಡನ್ನು ಮುಂದುವರಿಸಿದರೆ ಅದು ಗೋಲವನ್ನು ಸರಿಯಾಗಿ ಎರಡು ಪಾಲು ಮಾಡುತ್ತದೆಯಾದ್ದರಿಂದ ಗಣಿತಜ್ಞರು ಅದನ್ನು ಮಹಾವೃತ್ತವೆಂದು ಕರೆಯುವರು. ಮಂಗಳೂರಿನಿಂದ ದುಬೈಗೆ ಎಳೆದ ದಾರವು ಅರಬ್ಬೀ ಸಮುದ್ರವನ್ನು ವಾಯವ್ಯಕ್ಕೆ ದಾಟಿ, ಒಮಾನದ ನೆಲದ ಮೇಲೆ ಹಾದು ಹೋಗುತ್ತದೆ. ಈ ದಾರವು ಭೂಗೋಲದ ಇಪ್ಪತ್ತೆರಡು ಅಂಶಗಳಷ್ಟು ಉದ್ದವಾಗಿದೆ. ಭಾಸ್ಕರಾಚಾರ್ಯರು ಹನ್ನೆರಡನೆಯ ಶತಮಾನದಲ್ಲಿ ಭೂಪರಿಧಿಗೆ ಹೇಳಿದ ೪,೯೬೭ ಯೋಜನಗಳ ಮಾನದಿಂದ ಎಣಿಸಿದರೆ ದುಬೈಯು ಮಂಗಳೂರಿಗೆ ಮುನ್ನೂರೈದು ಯೋಜನಗಳಷ್ಟು ದೂರ. ಯೋಜನವೆಂದರೆ ಗಾಬರಿಯಾಗಬೇಕಾಗಿಲ್ಲ, ಅದೇ ದಾರವನ್ನು ಈಶಾನ್ಯಕ್ಕೆ ತಿರುಗಿಸಿ ಅಸ್ಸಾಮಿನ ಗುವಾಹಾಟಿಗೆ ಹಿಡಿದರೆ ಸುಮಾರು ೨,೨೭೦ ಕಿಲೋಮೀಟರು ಬರುತ್ತದೆ. ಗುವಾಹಾಟಿ ಸ್ವದೇಶ, ದುಬೈ ಪರದೇಶ. ನಡುವೆ ಹೆಚ್ಚಾದುದು ಇನ್ನೂರು ಕಿಲೋಮೀಟರಿಗೂ ಕಡಿಮೆ.

ಇಂದಿನ ವಿಮಾನವು ತಾಸಿಗೆ ಎಂಟುನೂರು ಕಿಲೋಮೀಟರಿಗೆ ಮೀರಿದ ವೇಗದಿಂದ ಹೋಗುತ್ತದೆ. ಈ ದೂರಕ್ಕೆ ಮೂರು ತಾಸು ಸಾಕು. ನೆಲದ ಮೇಲೆ ಉರುಳುವುದು, ಮೇಲೇರುವುದು, ಇಳಿಯುವುದು ಇವುಗಳಿಗೆ ಅರ್ಧ ತಾಸು ಸೇರಿಸಿದರೆ ಮೂರೂವರೆಯಾಯಿತು. ಇಷ್ಟು ಸರಳವಾದ ಲೆಕ್ಕವನ್ನು ಗಡಿಯಾರವು ಬಂದು ಕೆಡಿಸುತ್ತದೆ. ಟಿಕೇಟಿನ ಮೇಲೆ ಮಂಗಳೂರಿನಿಂದ ಹೊರಡುವ ವೇಳೆ ಒಂಬತ್ತು, ದುಬೈಯನ್ನು ಮುಟ್ಟುವ ವೇಳೆ ಹನ್ನೊಂದು ಎಂದು ಮುದ್ರಿತವಾಗಿದ್ದರೆ, ಮನೆಯ ಅಜ್ಜಿಯು "ಎರಡೇ ತಾಸು!" ಎಂದು ಸಂತೋಷಪಡುವಳು, ಮರಳುವ ಟಿಕೇಟಿನಲ್ಲಿ ಐದು ತಾಸು ಕಂಡು "ಬರುವಾಗ ಏಕಿಷ್ಟು ತಡ?" ಎಂದು ಕೊರಗುವಳು. ಹೊರಡುವ ವೇಳೆಯು ಹೊರಡುವ ಊರಿನ ಗಡಿಯಾರದ್ದು, ಮುಟ್ಟುವ ವೇಳೆಯು ಮುಟ್ಟುವ ಊರಿನದು. ಅವರ ಗಡಿಯಾರವು ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ ಇರುವುದರಿಂದ, ಹೋಗುವಾಗ ಒಂದೂವರೆಯನ್ನು ಕೂಡಿಸಬೇಕು, ಬರುವಾಗ ಕಳೆಯಬೇಕು.

ಸೂರ್ಯನ ಲೆಕ್ಕ ಮಾತ್ರ ಬೇರೆ. ಭಟ್ಕಳಕ್ಕೂ ದುಬೈಗೂ ರೇಖಾಂಶದಲ್ಲಿ ಹತ್ತೊಂಬತ್ತು ಅಂಶಗಳ ಚಿಲ್ಲರೆ ವ್ಯತ್ಯಾಸ. ಅಂಶಕ್ಕೆ ನಾಲ್ಕು ನಿಮಿಷದಂತೆ ಸೂರ್ಯನು ಅಲ್ಲಿಗೆ ಎಪ್ಪತ್ತೇಳು ನಿಮಿಷ, ಎಂದರೆ ಮೂರು ಗಳಿಗೆಗಿಂತ ತುಸು ಹೆಚ್ಚು ತಡವಾಗಿ ಹೋಗುವನು. ಗಡಿಯಾರವು ತೊಂಬತ್ತು ಎನ್ನುತ್ತದೆ. ಮಿಕ್ಕ ಹದಿಮೂರು ನಿಮಿಷವು ರಾಜ್ಯಗಳು ತಮ್ಮ ಅನುಕೂಲಕ್ಕೆಂದು ಮಾಡಿಕೊಂಡ ಒಪ್ಪಂದ. ನಮ್ಮ ಜ್ಯೋತಿಷ ಶಾಸ್ತ್ರದಲ್ಲಿ ಉಜ್ಜಯಿನಿಯ ರೇಖೆಯಿಂದ ಊರೂರಿಗೆ ಮಾಡುವ ಈ ಕಾಲಸಂಸ್ಕಾರಕ್ಕೆ 'ದೇಶಾಂತರ'ವೆಂದು ಹೆಸರು. ಮನೆಗಳಲ್ಲಿ "ಮಗನು ದೇಶಾಂತರ ಹೋದನು" ಎಂದಾಗಿನ ಅರ್ಥ ಬೇರೆಯಾದರೂ, ಟಿಕೇಟನ್ನು ಓದುವಾಗ ಎರಡು ಅರ್ಥಗಳೂ ಒಂದೇ ಕಾಗದದ ಮೇಲೆ ಕೂಡುತ್ತವೆ.

ಇಲ್ಲಿ ಜಾಣ ಬಾಲಕರು ಒಂದು ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ. ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆ. ನಮ್ಮ ಅಕ್ಷಾಂಶದಲ್ಲಿ ಅದರ ವೇಗ ತಾಸಿಗೆ ಸುಮಾರು ೧,೬೨೦ ಕಿಲೋಮೀಟರು. ಹಾಗಾದರೆ ವಿಮಾನವು ಮೇಲಕ್ಕೆದ್ದು ಸುಮ್ಮನೆ ನಿಂತರೆ ದುಬೈಯೇ ಕೆಳಗೆ ಬರಬೇಡವೇ? ಈ ಪ್ರಶ್ನೆಗೆ ಹದಿನೈದು ನೂರು ವರ್ಷಗಳ ವಯಸ್ಸು. ಆರ್ಯಭಟನು, ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ಮರಗಳು ಹಿಂದಕ್ಕೆ ಓಡುವಂತೆ ಕಾಣುವ ಹಾಗೆ, ತಿರುಗುವ ಭೂಮಿಯ ಮೇಲಿರುವ ನಮಗೆ ನಕ್ಷತ್ರಗಳು ಪಶ್ಚಿಮಕ್ಕೆ ಓಡುವಂತೆ ಕಾಣುತ್ತವೆಂದನು. ವರಾಹಮಿಹಿರನು ಒಪ್ಪಲಿಲ್ಲ, ಭೂಮಿ ತಿರುಗುವುದಾದರೆ ಆಕಾಶಕ್ಕೆ ಹಾರಿದ ಗಿಡುಗವು ತನ್ನ ಗೂಡಿಗೆ ಮರಳುವುದೆಂತು ಎಂದು ಆಕ್ಷೇಪಿಸಿದನು. ಆಕ್ಷೇಪವು ಮೂರ್ಖವಾದುದಲ್ಲ, ಬಹಳ ಸೊಗಸಾದುದು. ಉತ್ತರವು ತಿಳಿದುದು ಎಷ್ಟೋ ಶತಮಾನಗಳ ಮೇಲೆ: ಭೂಮಿಯೊಡನೆ ಅದರ ವಾಯುಮಂಡಲವೂ ತಿರುಗುತ್ತದೆ, ಗಿಡುಗವೂ ತಿರುಗುತ್ತದೆ, ವಿಮಾನವೂ ತಿರುಗುತ್ತದೆ. ಆದುದರಿಂದ ಭೂಭ್ರಮಣದಿಂದ ಪ್ರಯಾಣಿಕನಿಗೆ ಒಂದು ನಿಮಿಷದ ಲಾಭವೂ ಇಲ್ಲ. ವ್ಯತ್ಯಾಸ ಮಾಡುವುದು ಗಾಳಿ. ಚಳಿಗಾಲದಲ್ಲಿ ಆ ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಬಲವಾದ ಗಾಳಿಯು ಹೋಗುವವರನ್ನು ತಡೆದು, ಬರುವವರನ್ನು ತಳ್ಳುತ್ತದೆ. ಅಜ್ಜಿಯ ಕೊರಗಿಗೆ ವಿರುದ್ಧವಾಗಿ, ಮಗನು ಮನೆಗೆ ಬರುವ ಹಾದಿಯೇ ಆಗ ಚಿಕ್ಕದು.

ಈ ಗಾಳಿಯ ಮಾತು ನಮ್ಮ ಕರಾವಳಿಗೆ ಹೊಸದಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತಾ ಎಂಬ ಅರಬ್ಬೀ ಪ್ರವಾಸಿಯು ಹೊನ್ನಾವರಕ್ಕೆ ಬಂದಿದ್ದನು. ಆ ಊರಿನಲ್ಲಿ ಹುಡುಗಿಯರ ಹದಿಮೂರು ಶಾಲೆಗಳನ್ನೂ ಹುಡುಗರ ಇಪ್ಪತ್ತಮೂರು ಶಾಲೆಗಳನ್ನೂ ಕಂಡೆನೆಂದು ಆತನು ಬರೆದಿರುವುದನ್ನು, ಶಾಲೆಯ ಅನ್ನವನ್ನು ಉಂಡವನಾದ ನಾನು ಇಲ್ಲಿ ಹೇಳದೆ ಮುಂದೆ ಹೋಗಲಾರೆನು. ವಿಜಯನಗರದ ಕಾಲದಲ್ಲಿ ಹೊರ್ಮುಜಿನ ಕುದುರೆಗಳು ಭಟ್ಕಳದ ಬಂದರದಲ್ಲಿ ಇಳಿದು ಘಟ್ಟವನ್ನೇರುತ್ತಿದ್ದವು. ಮಸ್ಕತದಿಂದ ಕೊಲ್ಲಮಿಗೆ ಒಂದು ತಿಂಗಳ ಹಾದಿಯೆಂದು ಒಂಬತ್ತನೆಯ ಶತಮಾನದ ಅರಬ್ಬೀ ಬರಹವೊಂದು ಹೇಳುತ್ತದೆ. ಆದರೆ ಆ ತಿಂಗಳಿಗಾಗಿ ಹಡಗಿನವನು ಕಾಯುತ್ತಿದ್ದುದು ಎಷ್ಟು? ಈ ಕಡೆಗೆ ಬರಲು ನೈಋತ್ಯದ ಗಾಳಿ ಬೇಕು, ಅದೂ ಮಳೆಗಾಲದ ಉಗ್ರತೆ ಇಳಿದ ಮೇಲೆ. ಮರಳಲು ಈಶಾನ್ಯದ ಗಾಳಿ ಬೇಕು, ಅದು ಬೀಸುವುದು ಚಳಿಗಾಲದಲ್ಲಿ. ಹೀಗೆ ಸಾಗುವ ಕಾಲಕ್ಕಿಂತ ಕಾಯುವ ಕಾಲವೇ ಹೆಚ್ಚಾಗಿ, ಅನೇಕ ವರ್ತಕರು ಇಲ್ಲಿಯೇ ಮನೆಮಾಡಿಕೊಂಡರು. ಭಟ್ಕಳದ ನವಾಯತ ಸಮಾಜವು ತನ್ನ ಮೂಲವನ್ನು ಇಂತಹ ಅರಬ್ಬೀ ವರ್ತಕರಲ್ಲಿ ಕಾಣುತ್ತದೆ. ಅದೇ ಮನೆಗಳ ಮಕ್ಕಳು ಈಗ ಅದೇ ಸಮುದ್ರವನ್ನು ಆ ಕಡೆಗೆ ದಾಟಿ ಅಂಗಡಿಗಳನ್ನು ತೆರೆದಿರುವರು.

ಉಗಿಹಡಗುಗಳು ಬಂದ ಮೇಲೆ ಗಾಳಿಯ ದಾಸ್ಯ ತಪ್ಪಿತು. ಆದರೆ ಕೊಲ್ಲಿಯ ಹಡಗನ್ನು ಹತ್ತಲು ಮುಂಬಯಿಗೆ ಹೋಗಬೇಕಿತ್ತು. ಅಲ್ಲಿಂದ ಕರಾಚಿ, ಮಸ್ಕತಗಳ ಮೇಲಿಂದ ಬಂದರು ಬಂದರು ನಿಂತು ಸಾಗಬೇಕಿತ್ತು. ಆ ಹಡಗುಗಳಲ್ಲೊಂದಾದ 'ದಾರಾ'ದಲ್ಲಿ ೧೯೬೧ನೆಯ ಏಪ್ರಿಲ್ ೮ರಂದು ದುಬೈಯ ಹತ್ತಿರದಲ್ಲಿಯೇ ಸ್ಫೋಟವಾಗಿ ಇನ್ನೂರಕ್ಕೂ ಮಿಕ್ಕಿ ಜನರು ಮಡಿದರು. ಆ ಸಾಲಿನ ಕೊನೆಯ ಹಡಗಾದ 'ದ್ವಾರಕಾ'ವು ೧೯೮೨ರಲ್ಲಿ ಸೇವೆಯಿಂದ ನಿವೃತ್ತವಾಯಿತು. ಅಷ್ಟರಲ್ಲಿ ವಿಮಾನಗಳು ಬಂದಿದ್ದವು, ಆದರೆ ಅವೂ ಮುಂಬಯಿಯಿಂದಲೇ. ನನ್ನ ತಾರುಣ್ಯದಲ್ಲಿ ಭಟ್ಕಳದಿಂದ ಹೊರಟವನು ಮುಂಬಯಿಗೆ ಬಸ್ಸಿನಲ್ಲಿ ಕುಳಿತ ಕಾಲವು ಮುಂಬಯಿಯಿಂದ ದುಬೈಗೆ ಹಾರಿದ ಕಾಲದ ಎಷ್ಟೋ ಪಟ್ಟು ಇರುತ್ತಿತ್ತು. ೧೯೯೮ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ತಿಯಾಗಿ ತೆರೆದು, ಹೊನ್ನಾವರದಲ್ಲಿ ಶರಾವತಿಯ ಮೇಲಿನ ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯ ಮೇಲೆ ಗಾಡಿ ಓಡತೊಡಗಿದಾಗ, ನಮ್ಮವರಿಗೆ ಹತ್ತಿರವಾದುದು ಮುಂಬಯಿ ಮಾತ್ರವಲ್ಲ. ಕಡೆಗೆ ೨೦೦೬ರಲ್ಲಿ ಮಂಗಳೂರಿನಿಂದಲೇ ದುಬೈಗೆ ನೇರ ವಿಮಾನ ಹೊರಟಿತು. ೧೯೫೧ರಲ್ಲಿ ತೆರೆದ ಬಜ್ಪೆಯ ನಿಲ್ದಾಣವು ಪರದೇಶಕ್ಕೆ ಬಾಗಿಲು ತೆರೆಯಲು ಐವತ್ತೈದು ವರ್ಷ ಹಿಡಿಯಿತು. ಈ ಹಾದಿಯನ್ನು ಕುರಿತು ಬರೆಯುವವನು ೨೦೧೦ನೆಯ ಮೇ ೨೨ರ ಮುಂಜಾನೆಯನ್ನು ಬಿಟ್ಟು ಬರೆಯಲಾಗದು. ಅಂದು ದುಬೈಯಿಂದ ಬಂದ ವಿಮಾನವು ಬಜ್ಪೆಯ ಗುಡ್ಡದ ಓಡುದಾರಿಯನ್ನು ಮೀರಿ ಕಣಿವೆಗೆ ಬಿದ್ದು, ೧೬೬ ಮಂದಿಯಲ್ಲಿ ೧೫೮ ಮಂದಿ ತೀರಿಕೊಂಡರು. ಮೂರೂವರೆ ತಾಸಿನ ಹಾದಿಯನ್ನೆಲ್ಲ ದಾಟಿ ನೆಲವನ್ನು ಮುಟ್ಟಿದ ಮೇಲಿನ ಮಾತು ಅದು.

ಇನ್ನು ನೆಲದ ಲೆಕ್ಕಕ್ಕೆ ಬರೋಣ. ನಮ್ಮ ಜಿಲ್ಲೆಯಲ್ಲಿ ಜನರು ಹತ್ತಿಳಿಯುವ ವಿಮಾನ ನಿಲ್ದಾಣವಿಲ್ಲ. ಬಜ್ಪೆಯು ಭಟ್ಕಳಕ್ಕೆ ಸುಮಾರು ೧೪೦ ಕಿಲೋಮೀಟರು, ಕುಮಟೆಗೆ ಸುಮಾರು ೨೦೦. ಗೋವೆಯ ದಾಬೋಳಿ ನಿಲ್ದಾಣವು ಇದಕ್ಕೆ ತದ್ವಿರುದ್ಧವಾಗಿ ಕುಮಟೆಗೆ ಹತ್ತಿರ, ಭಟ್ಕಳಕ್ಕೆ ದೂರ. ಹೊನ್ನಾವರದಲ್ಲಿ ಶರಾವತಿಯ ದಡದ ಮೇಲೆ ನಿಂತವನಿಗೆ ಎರಡೂ ಹೆಚ್ಚುಕಡಿಮೆ ಸಮದೂರ. ಅವನು ಯಾವುದನ್ನು ಹಿಡಿದರೂ ಹೆದ್ದಾರಿಯ ಮೇಲೆ ಮೂರು ನಾಲ್ಕು ತಾಸು ಕಳೆಯಲೇಬೇಕು. ೨,೪೬೦ ಕಿಲೋಮೀಟರಿಗೆ ಮೂರೂವರೆ ತಾಸು, ೧೪೦ಕ್ಕೆ ಮೂರು ತಾಸು: ಇದು ನಮ್ಮ ಕಾಲದ ವಿಚಿತ್ರ ತ್ರೈರಾಶಿಕ. ನೆಲದ ತಾಸುಗಳಿಗೆ ಭರವಸೆಯೂ ಕಡಿಮೆ. ೨೦೨೪ನೆಯ ಜುಲೈ ೧೬ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿ, ಹೆದ್ದಾರಿಯು ಎಷ್ಟೋ ದಿನ ಮುಚ್ಚಿತ್ತು. ಆ ದಿನಗಳಲ್ಲಿ ಕುಮಟೆಯವರಿಗೆ ಗೋವೆಯು ದುಬೈಗಿಂತ ದೂರವಾಗಿತ್ತು.

ಇದೆಲ್ಲವೂ ಕೇವಲ ಗಣಿತವೆಂದು ತೋರಬಹುದು. ಹಾಗಲ್ಲವೆಂಬುದಕ್ಕೆ ಒಂದು ಸಂಗತಿಯನ್ನು ಹೇಳುವೆನು. ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಸಂಜೆ, ಭಟ್ಕಳದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆಯವರು ತೀರಿಕೊಂಡರು. ಆಗ ಗಂಟೆ ಆರೂವರೆ. ಹಿರಿಯ ಮಗನಾದ ಆತನು ದುಬೈಯಲ್ಲಿ. ಮನೆಯಲ್ಲಿ ತಮ್ಮನೂ ತಾಯಿಯೂ. ಶವಸಂಸ್ಕಾರದಲ್ಲಿ ವಿಳಂಬ ಸಲ್ಲದೆಂಬುದು ಅವರ ಧರ್ಮದ ವಿಧಿ. ಸೇರಿದ ಹಿರಿಯರು ಮುಂಜಾನೆಯ ನಮಾಜು ಮುಗಿದೊಡನೆ ದಫನ್ ಮಾಡುವುದೆಂದು ಬಹುಮಟ್ಟಿಗೆ ನಿಶ್ಚಯಿಸಿದ್ದರು, ಏಕೆಂದರೆ ತಮ್ಮನು ಅವರಿಗೆ ಮಾತು ಕೊಟ್ಟಿದ್ದನು. ನಾನು ಹೋದಾಗ ನನಗೂ ಅದನ್ನೇ ಹೇಳಿದನು.

"ಅಣ್ಣನಿಗೆ ರಾತ್ರಿ ಹನ್ನೊಂದೂವರೆಯ ವಿಮಾನದಲ್ಲಿ ಸ್ಥಳ ಸಿಕ್ಕಿದೆ, ಮಾಸ್ತರರೇ. ಮೂರೂವರೆ ತಾಸು ಸೇರಿಸಿದರೆ ಮೂರು ಗಂಟೆ. ಬೆಳಗಿನ ನಮಾಜಿಗೆ ಬಂದು ಮುಟ್ಟುತ್ತಾನಲ್ಲವೇ?"

"ಹನ್ನೊಂದೂವರೆ ಎಂದದ್ದು ಯಾವ ಊರಿನ ಹನ್ನೊಂದೂವರೆಯಪ್ಪಾ?" ಎಂದು ನಾನು ಕೇಳಿದೆನು.

ಅವನು ಒಂದು ಕ್ಷಣ ಸುಮ್ಮನಾದನು. ಜಗಲಿಯ ಮೇಲೆಯೇ ಕುಳಿತು ಒಂದು ಚೀಟಿಯ ಹಿಂಭಾಗದಲ್ಲಿ ಇಬ್ಬರೂ ಬರೆದೆವು. ದುಬೈಯ ಹನ್ನೊಂದೂವರೆ ಎಂದರೆ ನಮ್ಮ ರಾತ್ರಿ ಒಂದು ಗಂಟೆ. ಹಾರಾಟಕ್ಕೆ ಮೂರು ತಾಸು ಇಪ್ಪತ್ತು ನಿಮಿಷ. ಬಜ್ಪೆಯಲ್ಲಿ ಇಳಿದಾಗ ನಾಲ್ಕೂ ಇಪ್ಪತ್ತು. ರಹದಾರಿಯ ತಪಾಸಣೆ ಮುಗಿದು ಹೊರಗೆ ಬರುವಾಗ ಐದೂ ಕಾಲು. ಮಳೆಯಲ್ಲಿ ಭಟ್ಕಳಕ್ಕೆ ಮೂರು ತಾಸು. ಮನೆಯ ಮುಂದೆ ಕಾರು ನಿಲ್ಲುವಾಗ ಎಂಟೂ ಕಾಲು. ತಂದೆಯ ಕೊನೆಯುಸಿರಿನಿಂದ ಮಗನ ಆಗಮನಕ್ಕೆ ಹದಿಮೂರು ಮುಕ್ಕಾಲು ತಾಸು. ಅದರಲ್ಲಿ ಆಕಾಶದಲ್ಲಿದ್ದುದು ಕಾಲುಭಾಗಕ್ಕಿಂತಲೂ ಕಡಿಮೆ. ಮೊದಲಿನ ಲೆಕ್ಕವನ್ನೇ ನಂಬಿದ್ದರೆ, ಮಣ್ಣು ಹಾಕುವ ಹೊತ್ತಿಗೆ ಆತನು ಉಡುಪಿಯ ಆಚೆಗೇ ಇರುತ್ತಿದ್ದನು. ತಮ್ಮನು ಚೀಟಿಯನ್ನು ಹಿರಿಯರ ಬಳಿಗೆ ಒಯ್ದನು. ಅವರಲ್ಲಿ ಅತಿ ವೃದ್ಧರಾದವರು ಅದನ್ನು ದೀಪದ ಹತ್ತಿರ ಹಿಡಿದು ಎರಡು ಬಾರಿ ಓದಿ, "ಹತ್ತು ಗಂಟೆಗೆ" ಎಂದರು. ಕುಂದಾಪುರದ ಈಚೆಗೆ ಮಳೆ ಜೋರಾಗಿ, ಆತನು ಮುಟ್ಟಿದುದು ಎಂಟೂ ನಲವತ್ತಕ್ಕೆ. ತಾಯಿಯು ಬಾಗಿಲಲ್ಲಿಯೇ ನಿಂತಿದ್ದಳು.

ಇದಕ್ಕಿಂತ ಬಹಳ ದೂರದ ಲೆಕ್ಕವನ್ನು ಇಡಬೇಕಾದ ಮನೆಗಳೂ ನಮ್ಮಲ್ಲಿವೆ. ಕುಮಟೆ ಹೊನ್ನಾವರಗಳ ಅಡಿಕೆಯ ತೋಟದ ಮನೆಗಳಿಂದ ಅಮೇರಿಕೆಗೆ ಹೋಗಿ ನೆಲಸಿದವರು ಕಡಿಮೆಯಲ್ಲ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರವನ್ನು ಹಿಡಿದು ನೋಡಿರಿ, ವಿಸ್ಮಯವಾಗುತ್ತದೆ. ಗೋಡೆಯ ಭೂಪಟದ ಮೇಲೆ ಆ ಊರು ದೂರದ ಪಶ್ಚಿಮದಲ್ಲಿದೆ. ದಾರವೋ ನೆಟ್ಟಗೆ ಉತ್ತರಕ್ಕೆ ಹೊರಟು ಹಿಮಾಲಯ, ತಿಬೇಟು, ಸೈಬೀರಿಯಗಳನ್ನು ದಾಟಿ, ಹಿಮಸಮುದ್ರದ ಅಂಚನ್ನು ಸೋಕಿ, ಅಲಾಸ್ಕದ ಮೇಲಿಂದ ಇಳಿಯುತ್ತದೆ. ಉದ್ದ ಸುಮಾರು ೧೩,೯೯೦ ಕಿಲೋಮೀಟರು. ೨೦೨೧ನೆಯ ಜನವರಿ ೯, ಶನಿವಾರದ ರಾತ್ರಿ ಆ ಊರಿನಿಂದ ಹೊರಟು, ಉತ್ತರಧ್ರುವದ ಮೇಲಿಂದ ಹಾದು, ಹದಿನೇಳು ತಾಸಿಗೂ ಮೀರಿ ಎಲ್ಲಿಯೂ ನಿಲ್ಲದೆ ಹಾರಿದ ವಿಮಾನವೊಂದು ಸೋಮವಾರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಅದನ್ನು ನಡೆಸಿದವರು ಜೋಯಾ ಅಗರ್ವಾಲ್ ಎಂಬವರ ನೇತೃತ್ವದ ನಾಲ್ವರು ಸ್ತ್ರೀಯರೆಂಬುದನ್ನು ನಮ್ಮ ವಾಚಕಿಯರು ಗಮನಿಸುವರೆಂದು ನಂಬಿದ್ದೇನೆ. ಆ ಪ್ರಯಾಣಿಕರ ಪಾಲಿಗೆ ಭಾನುವಾರವು ಆಕಾಶದಲ್ಲಿಯೇ ಕರಗಿತು. ಲಂಕೆಯಲ್ಲಿ ಸೂರ್ಯೋದಯವಾದಾಗ ಸಿದ್ಧಪುರದಲ್ಲಿ ಅಸ್ತಮಾನವೆಂದು ಆರ್ಯಭಟನು ಹೇಳಿದನಷ್ಟೆ; ಆ ಸಿದ್ಧಪುರವನ್ನು ಕಂಡವರಿರಲಿಲ್ಲ. ನಮ್ಮ ಕುಮಟೆಯ ಅಜ್ಜಿಯು ಬೆಳಗಿನ ದೋಸೆಗೆ ಬಂಡಿ ಇಡುವಾಗ, ದೂರವಾಣಿಯಲ್ಲಿ ಮೊಮ್ಮಗಳು ರಾತ್ರಿಯ ಊಟಕ್ಕೆ ಕುಳಿತಿರುವುದನ್ನು ದಿನವೂ ಕಾಣುತ್ತಾಳೆ.

ಆದರೆ ಹದಿನೇಳು ತಾಸಿನ ಮುಂದೆ ಬೆಂಗಳೂರಿನಿಂದ ಘಟ್ಟವನ್ನಿಳಿಯುವ ಒಂದು ರಾತ್ರಿಯಿದೆ, ಹಿಂದೆ ಹೊರಡುವ ಸಿದ್ಧತೆಯ ಒಂದು ದಿನವಿದೆ. ಎಷ್ಟು ಅವಸರಿಸಿದರೂ ಎರಡು ದಿನ. ಈ ಮನೆಗಳವರು ದಹನಕ್ಕಾಗಿ ಕಾಯಿಸುವುದಿಲ್ಲ; ಇದ್ದವರಿಂದ ಮಾಡಿಸಿ, ಬರುವ ಮಗನನ್ನು ಮುಂದಿನ ದಿನಗಳ ಕರ್ಮಕ್ಕೆ ಸೇರಿ ಎನ್ನುವರು. ಹೀಗೆ ಮಾಡುವುದು ಸರಿಯೆಂದೇ ನನ್ನ ಮತ. ಎರಡು ದಿನ ಹೆಣವನ್ನಿಟ್ಟುಕೊಂಡು ಮನೆಯವರೆಲ್ಲ ಉಪವಾಸವಿರುವುದನ್ನು ಯಾವ ಧರ್ಮಶಾಸ್ತ್ರವೂ ಬಯಸದು. ದುಬೈಯ ಹದಿನಾಲ್ಕು ತಾಸು ಕಾಯಬಹುದಾದ ದೂರ. ಅಮೇರಿಕೆಯದು ಕಾಯಲಾಗದ ದೂರ. ಈ ಭೇದವನ್ನು ಮನೆಯಲ್ಲಿ ಎಲ್ಲರೂ ನೆಮ್ಮದಿಯಾಗಿರುವಾಗಲೇ, ಮಕ್ಕಳು ರಜೆಗೆ ಬಂದಿರುವಾಗಲೇ, ಹಿರಿಯರ ಮುಂದೆಯೇ ಮಾತಾಡಿ ತಿಳಿದಿರಬೇಕು. ಅಮಂಗಳವೆಂದು ಮುಖ ತಿರುಗಿಸುವವರು ಉಂಟು. ಆದರೆ ನಾನು ಕಂಡಂತೆ, ಈ ಮಾತನ್ನು ಮೊದಲು ಎತ್ತುವವರು ಹೆಚ್ಚಾಗಿ ಆ ಹಿರಿಯರೇ.

ಕೊನೆಯದಾಗಿ ಟಿಕೇಟು ಕೊಳ್ಳುವವರಿಗೆ ಒಂದು ಮಾತು. ಗೋವೆಯಲ್ಲಿ ಈಗ ಎರಡು ನಿಲ್ದಾಣಗಳು. ದಾಬೋಳಿಯು ದಕ್ಷಿಣದ ಕಡೆ. ೨೦೨೩ರ ಜನವರಿಯಲ್ಲಿ ವಿಮಾನಗಳು ಇಳಿಯತೊಡಗಿದ ಮೋಪಾ ನಿಲ್ದಾಣವು ಗೋವೆಯ ಉತ್ತರದ ತುದಿಯಲ್ಲಿದೆ. ಟಿಕೇಟಿನಲ್ಲಿ ಎರಡಕ್ಕೂ 'ಗೋವಾ' ಎಂದೇ ಇರುತ್ತದೆ, ನಿಲ್ದಾಣದ ಹೆಸರು ಕೆಳಗೆ ಸಣ್ಣ ಅಕ್ಷರಗಳಲ್ಲಿರುತ್ತದೆ. ಒಂದಕ್ಕೆ ಬದಲು ಇನ್ನೊಂದರ ಬಾಗಿಲಲ್ಲಿ ಕಾರು ನಿಲ್ಲಿಸಿಕೊಂಡು ಕಾಯುವ ಕುಮಟೆಯವರಿಗೆ ಒಂದು ತಾಸಿಗೂ ಹೆಚ್ಚು ವ್ಯರ್ಥವಾಗುತ್ತದೆ. ಕಾರಿನವನಿಗೆ ಹೇಳುವ ಮೊದಲು ಆ ಸಣ್ಣ ಅಕ್ಷರಗಳನ್ನು ಒಮ್ಮೆ ಓದಿಕೊಳ್ಳಿರಿ.